ಡ್ಯಾಕ್ ಡಬ್ಬಿ, ಅಜ್ಜನ ಕ್ಯಾಸೆಟ್ಟು ಮತ್ತ ಗುಂಯ್ ಅನ್ನೋ ಸಪ್ಪಳ

ಕಂಪ್ಯೂಟರ್‌ನ್ಯಾಗ ಇರೋ ಹಾಡು ಖರೇ ಅಂದ್ರ ಹಾಡಲ್ಲ, ಬರೇ ಅಂಕಿ. ಒಂದು ಸೆಕೆಂಡಿಗೆ 44,100 ಸರ್ತೆ ದನಿ ಎಷ್ಟು ಏರೇದ, ಎಷ್ಟು ಇಳದದ ಅಂತ ಅಳದು ಬರಕೊಂಡ ವಹಿ ಅದು. ಆ ವಹಿ ಓದಿ, ಅಂಕಿನ್ನ ವಾಪಸ್ ಕರೆಂಟಿನ ಏರಿಳಿತ ಮಾಡಿ ಸ್ಪೀಕರಿಗೆ ಕಳಸೋ ಕಾರಕೂನಗ ಡ್ಯಾಕ್ ಅಂತಾರ, ಪೂರ್ತಿ ಹೆಸರು ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ನಿಮ್ಮ ಮೊಬೈಲು, ಟಿವಿ, ಲ್ಯಾಪ್‌ಟಾಪು ಎಲ್ಲಾದ್ರಾಗೂ ಇಂಥವ ಒಬ್ಬ ಕೂತಿರ್ತಾನ. ಒಳಗ ಒಬ್ಬ ಪುಗಸಟ್ಟೆ ಇದ್ದಾಗ ಹೊರಗಿಂದ ಇನ್ನೊಬ್ಬನ್ನ ರೊಕ್ಕಾ ಕೊಟ್ಟು ಯಾಕ ತರಬೇಕು?

ನಮ್ಮನ್ಯಾಗ ಈ ಪ್ರಶ್ನಿ ಎದ್ದದ್ದು ಒಂದು ಕ್ಯಾಸೆಟ್ಟಿನ ಸಲುವಾಗಿ. ನಮ್ಮಜ್ಜ ದೇವರ ಮುಂದ ಕೂತು ದಾಸರ ಪದ ಹಾಡಿದ್ದು ಒಂದೇ ಒಂದು ಕ್ಯಾಸೆಟ್ಟಿನ್ಯಾಗ ಉಳದದ. ಅದನ್ನ ಯಾವಾಗೋ ಕಂಪ್ಯೂಟರಿಗೆ ಹಾಕಿಸಿಟ್ಟಿದ್ವಿ. ನಮ್ಮವ್ವಗ ಈಗ ಎಪ್ಪತ್ತೆಂಟು, ಒಂದು ಕಿವಿ ಮಂದ ಆಗೇದ, ಇನ್ನೊಂದೂ ಅದರ ಹಾದಿ ಹಿಡದದ. ಡಾಕ್ಟರು ಇದು ಇನ್ನ ತಿರುಗಿ ಬರಂಗಿಲ್ಲ ಅಂತ ಹೇಳ್ಯಾರ. ಕೇಳೂದಿದ್ರ ಈಗ ಕೇಳಬೇಕು. ಆದ್ರ ಹೆಡ್‌ಫೋನ್ ಹಚ್ಚಿದ್ರ ಅಜ್ಜನ ದನಿ ಹಿಂದ ಗುಂಯ್ ಅಂತ ಒಂದು ಸಪ್ಪಳ. ಮೌಸ್ ಅಳ್ಳಾಡಿಸಿದ್ರ ಚಿರ್ ಚಿರ್ ಅಂತ ಇನ್ನೊಂದು. "ಯಾಕೋ, ಅಪ್ಪಾರ ಹಿಂದ ಯಾರೋ ಗಿರಣಿ ಹಚ್ಯಾರಲ್ಲೋ" ಅಂದ್ಲು ಅವ್ವ. ಡ್ಯಾಕ್ ತರೂಣು ಅಂತ ಹುಡುಕಲಿಕ್ಕೆ ಕೂತ್ರ ಒಂಬೈನೂರು ರೂಪಾಯಿದೂ ಅವ, ಒಂಬತ್ತು ಲಕ್ಷದ್ದೂ ಅವ. ಎಲ್ಲಾದ್ರ ಡಬ್ಬಿ ಮ್ಯಾಲೂ ಸ್ವರ್ಗದ್ದ ಭಾಷಾ. ಅದಕ್ಕ ನಾ ಈ ಕಾರಕೂನನ ವಂಶಾವಳಿನ ತಗದು ಓದಿದೆ.

ಮೂಲ ಪುರುಷ ಅಲೆಕ್ ರೀವ್ಸ್ ಅನ್ನೋ ಇಂಗ್ಲಿಷ್ ಎಂಜಿನಿಯರ್. 1937ರಾಗ ಪ್ಯಾರಿಸ್ಸಿನ್ಯಾಗ ಟೆಲಿಫೋನ್ ಕೆಲಸ ಮಾಡೋವಾಗ, ದನೀನ್ನ ಅಂಕಿ ಮಾಡಿ ಕಳಿಸಿದ್ರ ಹಾದ್ಯಾಗ ಗದ್ದಲ ಕೂಡಂಗಿಲ್ಲ ಅಂತ ಅವಂಗ ಹೊಳೀತು. ಆಗಿನ ವಾಲ್ವಿನ ಕಾಲದಾಗ ಅದನ್ನ ಸೋವಿಯಿಂದ ಮಾಡೋದು ಸಾಧ್ಯ ಇರಲಿಲ್ಲ, ಪೇಟೆಂಟ್ ಮಾಡಿ ಇಟ್ಟ. ಅದು ಮನಿಮನಿಗೆ ಬಂದಿದ್ದು ಸಿಡಿ ಆಗಿ, 1982ರ ಅಕ್ಟೋಬರ್ 1ಕ್ಕ, ಜಪಾನಿನ್ಯಾಗ. ಸೋನಿ ಅವರ ಮೊದಲನೇ ಪ್ಲೇಯರಿಗೆ 1,68,000 ಯೆನ್.

ಈ 44,100 ಅನ್ನೋ ವಿಚಿತ್ರ ಅಂಕಿ ಎಲ್ಲಿಂದ ಬಂತು ಅಂತ ಭಾಳ ಮಂದಿ ತಲಿ ಕೆಡಿಸ್ಕೋತಾರ. ಛಲೋ ಕಿವಿಗೆ 20,000 ಹರ್ಟ್ಜ್ ತನಕಾ ಕೇಳ್ತದ, ಅದರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಸರ್ತೆ ಅಳದ್ರ ಸಾಕು ಅನ್ನೋದು ಗಣಿತ. ಹಂಗಾದ್ರ 44,000 ಯಾಕಲ್ಲ? ಆಗ ಅಷ್ಟು ಅಂಕಿ ಹಿಡಸೋ ಸೋವಿ ಮಷೀನ್ ಅಂದ್ರ ವಿಡಿಯೋ ಟೇಪ್. ಅದರಾಗ ಚಿತ್ರದ ಜಾಗಾದಾಗ ಒಂದೊಂದು ಗೆರಿಗೆ ಮೂರು ಅಳತಿ ತುಂಬತಿದ್ರು. ಅಮೆರಿಕಾ, ಜಪಾನ್ ಟಿವಿ ಪದ್ಧತಿಗೆ 60 ಗುಣಿಸು 245 ಗುಣಿಸು 3. ಯೂರೋಪಿಂದಕ್ಕ 50 ಗುಣಿಸು 294 ಗುಣಿಸು 3. ಎರಡೂ ಕಡೆ ಬರೋಬ್ಬರಿ 44,100. ಅಷ್ಟ.

ಇಲ್ಲೆ ಒಂದು ಜಗಳದ ಕಥಿ ಅದ, ನನಗ ಭಾಳ ಸೇರೇದ. ಫಿಲಿಪ್ಸ್ ಮತ್ತ ಸೋನಿ ಕೂಡೇ ಸಿಡಿ ಮಾಡಿದ್ದು. ಫಿಲಿಪ್ಸ್ ಅವರು 14 ಬಿಟ್ ಸಾಕು ಅಂದ್ರು, ಯಾಕಂದ್ರ ಅವರ ಹತ್ರ 14 ಬಿಟ್ಟಿನ ಡ್ಯಾಕ್ ತಯಾರಿತ್ತು. ಸೋನಿ ಅವರು 16 ಬೇಕ ಬೇಕು ಅಂತ ಹಟ ಹಿಡದು ಗೆದ್ರು. 14 ಬಿಟ್ ಅಂದ್ರ 16,384 ಮೆಟ್ಲ, 16 ಅಂದ್ರ 65,536. ಆದ್ರ ಫಿಲಿಪ್ಸ್ ಎಂಜಿನಿಯರಗೋಳು ಸುಮ್ಮನ ಕೂಡಲಿಲ್ಲ. ಎರಡು ಅಳತಿ ನಡುವ ಇನ್ನೂ ಮೂರು ಅಂಕಿ ಲೆಕ್ಕಾ ಹಾಕಿ ತುರುಕಿ, ಸೆಕೆಂಡಿಗೆ 1,76,400 ಮಾಡಿ, ತಪ್ಪನ್ನೆಲ್ಲಾ ಕಿವಿಗೆ ಕೇಳಲಾರದಷ್ಟು ಮ್ಯಾಲೆ ದೂಡಿಬಿಟ್ರು. ಹದಿನಾಲ್ಕರ ಕಾರಕೂನ ಹದಿನಾರರ ಕೆಲಸ ಮಾಡಿದ. ಸೋನಿ ಪ್ಲೇಯರಿನ್ಯಾಗ ಖರೇ 16 ಬಿಟ್ ಡ್ಯಾಕ್ ಇತ್ತು, ಆದ್ರ ಒಬ್ಬನ, ಎಡಗಿವಿಗೊಮ್ಮೆ ಬಲಗಿವಿಗೊಮ್ಮೆ ಪಾಳಿ ಮ್ಯಾಲೆ ಕೆಲಸ. ಡಬ್ಬಿ ಮ್ಯಾಲಿನ ಬಿಟ್ ಎಣಿಸಿ ಮಾಲು ಆರಸೋ ಮಂದಿ ಈ ಕಥಿ ಓದಬೇಕು ಅಂತೀನಿ. ಇವತ್ತ 32 ಬಿಟ್, 768 ಕಿಲೋಹರ್ಟ್ಜ್ ಅಂತ ಬರದಿರ್ತಾರಲ್ಲ, ಅದು ಚಿಪ್ಪಿನ ಬಾಗಲಾ ಎಷ್ಟು ಅಗಲ ಅದ ಅನ್ನೋದನ್ನಷ್ಟ ಹೇಳ್ತದ, ಒಳಗಿನ ಮನಿ ಹೆಂಗದ ಅಂತ ಹೇಳಂಗಿಲ್ಲ.

ಇನ್ನ ಕಂಪ್ಯೂಟರಿನ ಮಾತು. ಹೊರಗಿನ ಡ್ಯಾಕ್ ಹೊಸಾ ಶೋಕಿ ಅಂತ ತಿಳಕೊಂಡಿದ್ರ ಕೇಳ್ರಿ. 1987ರ ಸುಮಾರಿಗೆ ಅಮೆರಿಕಾದ ಕೋವಾಕ್ಸ್ ಕಂಪನಿ ಸ್ಪೀಚ್ ಥಿಂಗ್ ಅಂತ ಒಂದು ಸಣ್ಣ ಡಬ್ಬಿ ತಂತು. ಪ್ರಿಂಟರಿನ ವಾಯರ್ ಚುಚ್ಚೋ ಜಾಗಾದಾಗ ಇದನ್ನ ಚುಚ್ಚೋದು. ಪ್ರಿಂಟರಿಗೆ ಎಂಟು ತಂತಿ ಮ್ಯಾಲೆ ಅಕ್ಷರ ಹೋಗ್ತಿದ್ವಲ್ಲ, ಅದ ತಂತಿ ಮ್ಯಾಲೆ ದನಿಯ ಅಂಕಿ ಕಳಸೋದು. ಒಳಗ ಏನಿತ್ತು? ಬರೇ ರೆಸಿಸ್ಟರ್, ನಿಚ್ಚಣಿಕಿ ಹಂಗ ಜೋಡಸಿದ್ದು. ದೊಡ್ಡ ಅಂಕಿ ತಂತಿಯಿಂದ ಹೆಚ್ಚು ಕರೆಂಟು, ಸಣ್ಣದ್ದರಿಂದ ಕಡಿಮಿ, ಎಲ್ಲಾ ಕೂಡಿದ್ರ ದನಿ. 70–80 ಡಾಲರಿಗೆ ಮಾರೋ ಈ ಡಬ್ಬೀನ್ನ ಹುಡುಗೂರು ಚಿಲ್ಲರ ರೊಕ್ಕದಾಗ ಮನ್ಯಾಗ ಬೆಸದು ಮಾಡ್ಕೊಳ್ಳಿಕ್ಕೆ ಶುರು ಮಾಡಿದ್ರು. ಸೋವಿ ಡ್ಯಾಕಿನ ಖರೇ ಹಿರಿಯಾ ಅಂದ್ರ ಇದ ನೋಡ್ರಿ.

1989ರಾಗ ಸಿಂಗಾಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ತಂದಮ್ಯಾಲೆ ಡ್ಯಾಕ್ ಕಂಪ್ಯೂಟರಿನ ಹೊಟ್ಯಾಗ ಹೋತು. ಮುಂದ ಇಂಟೆಲ್ ಅವರ ಎಸಿ 97 ಪದ್ಧತಿ ಬಂದು, ಮದರ್‌ಬೋರ್ಡಿನ ಮ್ಯಾಲೆನ ಒಂದು ಸಣ್ಣ ಚಿಪ್ಪು ಕೂತು ಕಾರ್ಡೂ ಬ್ಯಾಡಾತು. ಸೋವಿ ಆತು ಖರೇ, ಆದ್ರ ಸಂತಿ ನಡುವ ಹಾರ್ಮೋನಿಯಂ ಇಟ್ಟಂಗಾತು. ಪ್ರೊಸೆಸರ್, ಫ್ಯಾನು, ಪವರ್ ಸಪ್ಲೈ ಎಲ್ಲಾದ್ರ ಗದ್ದಲ ಅದರ ಮೈಮ್ಯಾಲೆ. ಈಗಿನ ಛಲೋ ಬೋರ್ಡಿನ್ಯಾಗ ಇದು ಭಾಳ ಸುಧಾರಿಸೇದ, ಎಲ್ಲಾರಿಗೂ ಹೊರಗಿನ ಡ್ಯಾಕ್ ಬೇಕಂತಿಲ್ಲ. ನಮ್ಮದು ಹಳೇ ಡೆಸ್ಕ್‌ಟಾಪು, ಅದಕ್ಕ ಗಿರಣಿ.

1998ರಾಗ ಯುಎಸ್‌ಬಿ ಮ್ಯಾಲೆ ದನಿ ಕಳಸೋ ನೇಮ ಬಂದಮ್ಯಾಲೆ ಕಾರಕೂನ ಮತ್ತ ಹೊರಗ ಬಂದ. ಈ ಮೊದಲನೇ ನೇಮದಾಗ 24 ಬಿಟ್, 96 ಕಿಲೋಹರ್ಟ್ಜ್ ತನಕಾ ನಡೀತದ, ಡ್ರೈವರ್ ಉಸಾಬರಿ ಇಲ್ಲ. ಎರಡನೇ ನೇಮ 2006ರದ್ದು, ಆದ್ರ ವಿಂಡೋಸ್ ಅದನ್ನ ತಾನಾಗೇ ಗುರ್ತು ಹಿಡೀಲಿಕ್ಕೆ 2017 ಬರಬೇಕಾತು. ಹಳೇ ವಿಂಡೋಸ್ ಇದ್ದವರು ಇದನ್ನ ಮೊದ್ಲ ಕೇಳಬೇಕು, ನಾ ಅಂಗಡ್ಯಾಗ ಕೇಳಿದ ಮೊದಲನೇ ಮಾತೂ ಅದ.

ರೇಟು ಇಳಸಿದ ಪುಣ್ಯಾತ್ಮರೊಳಗ ಒಬ್ಬ ಅನಾಮಧೇಯ ಇದ್ದಾನ. ಎನ್‌ಡಬ್ಲ್ಯೂಎವಿಗೈ ಅಂತ ಹೆಸರಿಟ್ಟುಕೊಂಡ ಒಬ್ಬ ಎಂಜಿನಿಯರ್, ಕಿವಿ ಮಾತು ನಂಬಬ್ಯಾಡ್ರಿ, ಮೀಟರ್ ಹಚ್ಚಿ ಅಳೀರಿ ಅಂತ ಹಟ ಹಿಡದು, 2011ರಾಗ ಒಂದು ಹೆಡ್‌ಫೋನ್ ಆಂಪ್ಲಿಫೈಯರಿನ ನಕಾಶೆ ಎಲ್ಲಾರಿಗೂ ಪುಗಸಟ್ಟೆ ಬಿಟ್ಟ. 2012ರಾಗ ಓಡ್ಯಾಕ್ ಅನ್ನೋ ಸೋವಿ ಡ್ಯಾಕ್ ತಂದ. ಅದ ವರ್ಷ ಮಾಯ ಆದ. ಅವನ ಅಳತಿ ಚಟ ಮಾತ್ರ ಉಳೀತು. 2016ರಾಗ ಆ್ಯಪಲ್ ಅವರು ಐಫೋನ್ 7ರ ಹೆಡ್‌ಫೋನ್ ತೂತು ಮುಚ್ಚಿ 9 ಡಾಲರಿನ ಒಂದು ಬಾಲ ಮಾರಲಿಕ್ಕೆ ಹತ್ತಿದ್ರು. ಬಾಲದಾಗ ಪೂರ್ತಿ ಡ್ಯಾಕ್ ಕೂತಿತ್ತು. ಮುಂದ ಬಂದ ಯುಎಸ್‌ಬಿ ಸಿ ಬಾಲ ಅಳದು ನೋಡಿದವರು ಬೆಚ್ಚಿದ್ರು, ಅಷ್ಟು ಸ್ವಚ್ಛ. ನಡುವ 2020ರ ಅಕ್ಟೋಬರ್‌ನ್ಯಾಗ ಜಪಾನಿನ ನೊಬೆಯೋಕಾದಾಗ ಎಕೆಎಂ ಕಂಪನಿಯ ಚಿಪ್ ಫ್ಯಾಕ್ಟರಿಗೆ ಬೆಂಕಿ ಬಿದ್ದು ಡ್ಯಾಕ್ ಚಿಪ್ಪಿಗೆ ಬರಗಾಲ ಬಂತು, ಬ್ಯಾರೆ ಚಿಪ್ ಹಾಕಿ ಕಂಪನಿಗೋಳು ಸಾವರಿಸ್ಕೊಂಡ್ವು.

ಹೆಚ್ಚು ರೊಕ್ಕದ್ದು ಹೆಚ್ಚು ಛಲೋ ಕೇಳಸ್ತದೇನು ಅಂದ್ರ, 2007ರಾಗ ಬಾಸ್ಟನ್ನಿನ ಮೆಯರ್ ಮತ್ತ ಮೊರಾನ್ ಅನ್ನೋರು ಮಾಡಿದ ಪರೀಕ್ಷಾ ಅದ. ಹೈ ರೆಸಲ್ಯೂಶನ್ ಸಂಗೀತಾನ ಸಿಡಿ ಮಟ್ಟಕ್ಕ ಇಳಸಿ, ಯಾವುದು ಯಾವುದು ಹೇಳ್ರಿ ಅಂದ್ರು. 554 ಸರ್ತೆ ಕೇಳಿದ್ರಾಗ 276 ಸರ್ತೆ ಉತ್ತರ ಬರೋಬ್ಬರಿ. ನಾಣ್ಯ ಹಾರಿಸಿದ್ರೂ ಅಷ್ಟ ಬರ್ತಿತ್ತು. ಪರೀಕ್ಷಾಕ್ಕ ತಕರಾರು ತಗದವರೂ ಇದ್ದಾರ, ಇರಲಿ. ನಮ್ಮ ಮಾಲು ಸಿಡಿನೂ ಅಲ್ಲ, ಕ್ಯಾಸೆಟ್ಟು. ಸಿಡಿಯೊಳಗ ಸುಮಾರು 96 ಡೆಸಿಬೆಲ್ ಜಾಗಾ ಇದ್ರ ಸಾದಾ ಕ್ಯಾಸೆಟ್ಟಿನ್ಯಾಗ 50ರ ಆಜೂಬಾಜು. ಅದರ ಮುಂದ ಇಪ್ಪತ್ತು ಸಾವಿರದ ಡ್ಯಾಕ್ ಇಟ್ರ, ಕೊಳ್ಳಿ ಬೆಳಕಿನ ಪುಸ್ತಕಕ್ಕ ಬಂಗಾರದ ಚಷ್ಮಾ ಹಾಕ್ಕೊಂಡಂಗ.

ತಗೊಳ್ಳೋಕಿಂತ ಮೊದ್ಲ ಒಂದು ಪರೀಕ್ಷಾ ಮಾಡಿದೆ, ನೀವೂ ಮಾಡ್ರಿ. ಗದ್ದಲ ಸ್ಪೀಕರಿನ್ಯಾಗಷ್ಟ ಬಂದು ಹೆಡ್‌ಫೋನಿನ್ಯಾಗ ಬರದಿದ್ರ ಅದು ಎರಡು ಪ್ಲಗ್ಗಿನ ಅರ್ಥಿಂಗ್ ಜಗಳ ಇರಬಹುದು, ಡ್ಯಾಕ್ ತಂದ್ರೂ ಹೋಗದ ಇರಬಹುದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿದ ಕೂಡ್ಲೇ ಗುಂಯ್ ನಿಂತ್ರೂ ಅದ ಜಾತಿದು. ಹೆಡ್‌ಫೋನಿನ್ಯಾಗೂ ಮೌಸಿನ ಜೋಡಿ ಚಿರ್ ಅಂದ್ರ ಗದ್ದಲ ಒಳಗಿಂದು, ಆಗ ಹೊರಗಿನ ಡಬ್ಬಿ ಕೆಲಸಕ್ಕ ಬರ್ತದ. ನಮ್ಮದು ಎರಡನೇ ಜಾತಿ.

ಎರಡು ಸಾವಿರದ ಒಳಗಿನ, ಬಾಲದಂಥಾ ಒಂದು ಡ್ಯಾಕ್ ಬಂತು. ಗಿರಣಿ ನಿಂತು ಹೋತು. ಟೇಪಿನ ಸ್ಸ್ ಅನ್ನೋದು ಉಳೀತು, ಅದು ಕ್ಯಾಸೆಟ್ಟಿನ ಹುಟ್ಟುಗುಣ, ಯಾವ ಡ್ಯಾಕೂ ತಗೀಲಾರದು. ಎರಡನೇ ಪದದ ನಡುವ ಅಜ್ಜ ಉಸಿರು ತಗೊಳ್ಳೋವಾಗ ಹಿಂದ ಒಂದು ಹೆಣ್ಣ ದನಿ, ಭಾಳ ಸಣ್ಣಗ, ಹಾಲು ಉಕ್ಕತದ ನೋಡ್ರೆ ಅಂತ. ಇಷ್ಟು ದಿನಾ ಗುಂಯ್ ಒಳಗ ಮುಚ್ಚಿ ಹೋಗಿತ್ತು. ಅವ್ವ ಹಿಂದಕ್ಕ ಹಚ್ಚು ಅಂದ್ಲು, ಮತ್ತ ಹಿಂದಕ್ಕ ಹಚ್ಚು ಅಂದ್ಲು. ನಮ್ಮಜ್ಜಿದು ಬ್ಯಾರೆ ಎಲ್ಲೂ ದನಿ ಇಲ್ಲ.

ಟ್ರಂಕಿನ್ಯಾಗ ಇನ್ನೂ ಹನ್ನೊಂದು ಕ್ಯಾಸೆಟ್ ಅವ, ಯಾವುದರ ಮ್ಯಾಲೂ ಹೆಸರಿಲ್ಲ. ಅವನ್ನ ಒಳಗ ಹಾಕಲಿಕ್ಕೆ ಉಲ್ಟಾ ಕಾರಕೂನ ಬೇಕು, ದನಿ ಕೇಳಿ ಅಂಕಿ ಬರ್ಯಾಂವ, ಎಡಿಸಿ ಅಂತಾರ ಅವಂಗ. ಎರಡೂ ಕೆಲಸ ಒಂದರಾಗ ಮಾಡೋ ಸಣ್ಣ ಯುಎಸ್‌ಬಿ ಡಬ್ಬಿಗೋಳೂ ಸಿಗ್ತಾವ. ಅದರಕಿಂತ ಮೊದ್ಲ ಟೇಪ್ ರೆಕಾರ್ಡರಿನ ಬೆಲ್ಟ್ ಬದಲಿ ಮಾಡಸಬೇಕು, ರಬ್ಬರು ಸಡ್ಲ ಆಗಿ ಅಜ್ಜ ರಾಗ ಇಳಸಿದಂಗ ಕೇಳಸ್ತದ.