ನೆರೆಹೊರೆಯ ಪರಿಸರ ಮತ್ತು ವೃದ್ಧರ ಮನಸ್ಸು: ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ವೃದ್ಧಾಪ್ಯದ ಖಿನ್ನತೆಯನ್ನು, ಅಂದರೆ ವಾರಗಟ್ಟಲೆ ಬಿಡದೆ ಕಾಡುವ ಬೇಸರ, ನಿರಾಸಕ್ತಿ ಮತ್ತು ನಿದ್ರೆಯ ಏರುಪೇರುಗಳನ್ನು, ವಯಸ್ಸಿನ ಸಹಜ ಲಕ್ಷಣವೆಂದೋ ಮನೆಯೊಳಗಿನ ಸಂಗತಿಯೆಂದೋ ನೋಡುವ ರೂಢಿ ಬಲವಾಗಿದೆ. 1973ರಲ್ಲಿ ವೃದ್ಧಾಪ್ಯದ ಸಂಶೋಧಕರಾದ ಲಾಟನ್ ಮತ್ತು ನಹೆಮೊ ಮಂಡಿಸಿದ ಸಿದ್ಧಾಂತವು ಈ ನೋಟವನ್ನು ಹೊಸಿಲಿನಾಚೆಗೆ ಒಯ್ದಿತು: ವ್ಯಕ್ತಿಯ ಸಾಮರ್ಥ್ಯಕ್ಕೂ ಸುತ್ತಲಿನ ಪರಿಸರ ಅವರಿಂದ ಬೇಡುವ ಶ್ರಮಕ್ಕೂ ಹೊಂದಿಕೆ ತಪ್ಪಿದಾಗ ಮನಸ್ಸು ಕುಗ್ಗುತ್ತದೆ.

ಮಂಡ್ಯ ಜಿಲ್ಲೆಯ ಮಟ್ಟಿಗೆ ಈ ಹೊಂದಿಕೆಯ ಹಿಂದೆ ನೀರಿನ ಪ್ರಶ್ನೆಯೂ ಇದೆ. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಶ್ರೀರಂಗಪಟ್ಟಣ, ಪಾಂಡವಪುರಗಳ ಹಳ್ಳಿಗಳಲ್ಲಿ ಗದ್ದೆಯ ಕೆಲಸ ಕುಟುಂಬಗಳನ್ನು ಒಂದು ಮಟ್ಟಿಗೆ ಊರಲ್ಲೇ ಹಿಡಿದಿಟ್ಟಿದ್ದರೆ, ಮಳೆಯನ್ನೇ ಹೆಚ್ಚಾಗಿ ನಂಬಿದ ನಾಗಮಂಗಲದಿಂದಲೂ ಕೆ.ಆರ್. ಪೇಟೆಯಿಂದಲೂ ಅನೇಕರು ಬೆಂಗಳೂರು, ಮುಂಬೈಗಳಿಗೆ ದುಡಿಯಲು ಹೋಗಿದ್ದಾರೆ. ಈ ವಲಸೆಯ ವ್ಯಾಪ್ತಿ 2020ರ ಮೇ ತಿಂಗಳಲ್ಲಿ ಕೋವಿಡ್‌ನಿಂದಾಗಿ ಮುಂಬೈಯಿಂದ ಮರಳಿದವರ ಮೂಲಕ ನಾಡಿಗೆಲ್ಲ ತಿಳಿಯಿತು. ಮಕ್ಕಳು ದೂರವಿರುವ ಮನೆಯಲ್ಲಿ ದಿನದ ಮಾತುಕತೆಯ ಹೊಣೆ ನೆರೆಹೊರೆಯ ಮೇಲೆ ಬೀಳುತ್ತದೆ.

ನಗರ ಕೇಂದ್ರಿತ ಅಧ್ಯಯನಗಳು ಅಳೆಯುವ ಉದ್ಯಾನ, ಪಾದಚಾರಿ ಮಾರ್ಗಗಳ ಸ್ಥಾನದಲ್ಲಿ ಇಲ್ಲಿ ಜಗಲಿ, ಅರಳಿಕಟ್ಟೆ, ಗುಡಿಯ ಅಂಗಳ, ಹಾಲಿನ ಡೇರಿಗಳಿವೆ. ಇವುಗಳಲ್ಲಿ ಡೇರಿಗೆ ವಿಶೇಷ ಗಮನ ಸಲ್ಲಬೇಕು. ಕಟ್ಟೆ ಬಹುಮಟ್ಟಿಗೆ ಗಂಡಸರ ತಾಣವಾಗಿರುವ ಊರುಗಳಲ್ಲಿ, ಬೆಳಿಗ್ಗೆ ಸಂಜೆ ಹಾಲು ಹಾಕಲು ಹೋಗುವುದು ವಯಸ್ಸಾದ ಹೆಂಗಸರಿಗೆ ಯಾರೂ ಪ್ರಶ್ನಿಸದ ಹೊರಸಂಚಾರ. ಮಂಡಿನೋವು ಬಂದು ಕ್ಯಾನು ಸೊಸೆಯ ಕೈಗೆ ಹೋದಾಗ ಸಾಲಿನಲ್ಲಿ ನಿಂತು ಆಡುತ್ತಿದ್ದ ಮಾತೂ ಕೈಬಿಡುತ್ತದೆ. ರಸ್ತೆ, ಚರಂಡಿಗಳಿಗಾಗಿ ಜಗಲಿ ಒಡೆದಾಗ ಕೂರುವ ಜಾಗವೂ ಹೋಗುತ್ತದೆ. ಅಭಿವೃದ್ಧಿಯ ಲೆಕ್ಕದಲ್ಲಿ ಈ ನಷ್ಟಕ್ಕೆ ಕಾಲಂ ಇಲ್ಲದಿರುವುದು ಗಂಭೀರ ಲೋಪ.

2017-18ರಲ್ಲಿ ಮೊದಲ ಸುತ್ತು ನಡೆಸಿದ ಭಾರತೀಯ ವೃದ್ಧಾಪ್ಯ ದೀರ್ಘಾವಧಿ ಅಧ್ಯಯನವು 45 ವರ್ಷ ದಾಟಿದ ಸುಮಾರು 72,000 ಜನರನ್ನು ಒಳಗೊಂಡಿದ್ದರೂ ಅದರ ಮಾದರಿ ರಚಿತವಾದದ್ದು ರಾಷ್ಟ್ರ ಮತ್ತು ರಾಜ್ಯಗಳ ಮಟ್ಟಕ್ಕೆ. ನಾಲೆಯ ಹಳ್ಳಿಗೂ ಒಣಭೂಮಿಯ ಹಳ್ಳಿಗೂ ಇರುವ ಅಂತರ ಅದರಲ್ಲಿ ಕಾಣಸಿಗದು. ಮೇಲಾಗಿ, ಒಂಟಿತನ ಖಿನ್ನತೆಯನ್ನು ತರುವಂತೆಯೇ ಖಿನ್ನರಾದವರು ತಾವಾಗಿ ಹೊರಗೆ ಹೋಗುವುದನ್ನು ಬಿಡುವುದೂ ಉಂಟಾದ್ದರಿಂದ, ಕಾರಣವನ್ನು ಪರಿಣಾಮದಿಂದ ಬೇರ್ಪಡಿಸಲು ಅದೇ ಜನರನ್ನು ವರ್ಷಗಳ ಕಾಲ ಗಮನಿಸಬೇಕಾಗುತ್ತದೆ. ಇನ್ನು ಆರೈಕೆಯ ವಿಷಯಕ್ಕೆ ಬಂದರೆ, ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋರೋಗ ತಪಾಸಣೆಗೆ ಬಸ್ ನಿಲ್ದಾಣದವರೆಗೂ ನಡೆಯಲಾಗದವರು ತಲುಪುವುದು ಕಷ್ಟ. ಅಂಥವರ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು, ಈ ವಾರ ಅಂಗಳ ದಾಟಿ ಎಲ್ಲಿಗೆ ಹೋಗಿದ್ದಿರಿ, ಯಾರೊಡನೆ ಮಾತಾಡಿದಿರಿ ಎಂಬ ಎರಡು ಪ್ರಶ್ನೆಗಳನ್ನು ಕೇಳಿ ದಾಖಲಿಸಿದರೆ ಅಧ್ಯಯನವೂ ಆರೈಕೆಯೂ ಒಟ್ಟಿಗೆ ಆರಂಭವಾಗುತ್ತವೆ.