ಹತಾರದ ಅಪ್ಪಣೆ

ಶಹಾಬಾದದ ಫರಸಿಕಲ್ಲನ್ನು ಮೆಟ್ಟದವರು ನಮ್ಮ ನಾಡಿನಲ್ಲಿ ವಿರಳ. ಆದರೆ ಆ ಕಲ್ಲನ್ನು ಕಡಿದು ಕಳುಹಿಸಿದ ಕಾಗಿಣಾ ತೀರದ ಸೀಮೆಯು, ಆಯುಧಪಾಣಿಗಳ ನಡುವೆ ನಿರಾಯುಧನಾಗಿ ಬಾಳುವುದೆಂದರೇನೆಂಬುದನ್ನು 1948ರ ಸೆಪ್ಟೆಂಬರಿನವರೆಗೆ ಅನುಭವಿಸಿತೆಂಬುದನ್ನು ಬಲ್ಲವರು ಅದಕ್ಕಿಂತಲೂ ವಿರಳ.

ಪ್ರಜೆಯ ಕೈಯಲ್ಲಿ ಆಯುಧವಿರಬೇಕೇ ಎಂಬ ಪ್ರಶ್ನೆಯೇನೋ ಹಳೆಯದು. 1857ರಲ್ಲಿ ಸಿಪಾಯಿಗಳ ದಂಗೆಯಿಂದ ಬೆದರಿದ ಕಂಪನಿ ಸರಕಾರವು ಪ್ರಜೆಗಳ ಹತಾರಗಳನ್ನು ಕಸಿದುಕೊಳ್ಳಲು ಹೊರಟಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡೆವೆಂದರು. ಬೇಟೆಯಿಂದ ಹೊಟ್ಟೆ ಹೊರೆದು, ಹತಾರದಿಂದ ಮಾನ ಕಾಯ್ದುಕೊಂಡ ಆ ಜನಕ್ಕೆ, ಗೋಡೆಯ ಗೂಟದಲ್ಲಿ ತೂಗುತ್ತಿದ್ದ ಅಜ್ಜನ ಕತ್ತಿಯನ್ನು ಕಚೇರಿಯ ಕಟ್ಟೆಗೆ ಒಯ್ದು ಒಪ್ಪಿಸುವುದೆಂದರೆ ತಮ್ಮನ್ನೇ ಒಪ್ಪಿಸಿಕೊಂಡಂತಿತ್ತು. ನವೆಂಬರಿನ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು; ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ನೇಣುಗಂಬಗಳು ನಿಂತವು. ಸೋತವರ ಕಥೆಯನ್ನು ಲಾವಣಿಕಾರರು ಹಾಡಿದರು. ವಿನೋದವೆಂದರೆ, ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ಕೊಟ್ಟವನು ಬ್ರಿಟಿಷ್ ಸರಕಾರದ ಅಧಿಕಾರಿಯೇ ಆದ ಜೆ. ಎಫ್. ಫ್ಲೀಟನು.

ಶಹಾಬಾದದಿಂದ ಭೀಮೆಯನ್ನು ದಾಟಿದರೆ ದೊರೆಯುವ ಸುರಪುರದಲ್ಲಿ ಮರುವರ್ಷದ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕನೆದ್ದನು. ಸೋತು ಸೆರೆಸಿಕ್ಕು, ಕಾವಲಿನಲ್ಲಿದ್ದಾಗಲೇ ಪಿಸ್ತೂಲಿನ ಗುಂಡಿಗೆ ಮಡಿದನು. ಹತಾರವಿದ್ದವರೂ ಸೋತರೆಂಬುದನ್ನು, ಬಂದೂಕೇ ಸ್ವಾತಂತ್ರ್ಯವೆಂದು ಸಾರುವವರು ಮರೆಯಬಾರದು. 1861ರಲ್ಲಿ ಕೊಡವರಿಗೆ ಮಾತ್ರ ಕೋವಿಯ ವಿನಾಯಿತಿ ದೊರೆಯಿತು. ಆದರೆ ಅದು ನಿಷ್ಠೆಗೆ ಸಂದ ಬಹುಮಾನ, ಹಕ್ಕಲ್ಲ. 1878ರ ಶಸ್ತ್ರ ಕಾಯಿದೆಯಂತೂ ಭಾರತೀಯನಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ, ಯುರೋಪಿಯನ್ನನನ್ನು ಅದರಿಂದ ಬಿಟ್ಟಿತು. ಈ ಅವಮಾನವನ್ನು ನುಂಗಲಾರದೆಯೇ 1931ರ ಕರಾಚಿ ಕಾಂಗ್ರೆಸ್ಸು, ನಿಯಮಗಳಿಗೊಳಪಟ್ಟು ಆಯುಧವನ್ನಿರಿಸಿಕೊಳ್ಳುವುದನ್ನು ಪ್ರಜೆಯ ಮೂಲಭೂತ ಹಕ್ಕುಗಳಲ್ಲಿ ಸೇರಿಸಿತು.

ಆದರೆ ಶಹಾಬಾದವಿದ್ದ ಕಲಬುರ್ಗಿ ಜಿಲ್ಲೆಯಲ್ಲಿ, ಭಾರತವನ್ನು ಸೇರದುಳಿದ ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿ, ಈ ಸಮಸ್ಯೆ ತಲೆಕೆಳಗಾಗಿ ಬಂದಿತು. ನಿಜಾಮನ ಪರವಾಗಿ ನಿಂತ, ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು ಸೈನಿಕರೂ ಅಲ್ಲ, ಪೋಲೀಸರೂ ಅಲ್ಲ. ಬಂದೂಕು ಹಿಡಿದ ಖಾಸಗಿ ಪ್ರಜೆಗಳೇ. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡವು ಅಂಥವರ ಸ್ವಾತಂತ್ರ್ಯದ ಫಲ. ಸಿಡ್ನಿ ಕಾಟನ್ ಎಂಬ ವೈಮಾನಿಕನು ಕರಾಚಿಯಿಂದ ರಾತ್ರಿವೇಳೆ ವಿಮಾನಗಳಲ್ಲಿ ಸಂಸ್ಥಾನಕ್ಕೆ ಆಯುಧಗಳನ್ನು ತಂದಿಳಿಸುತ್ತಿದ್ದಾಗ, ಅನೇಕರಿಗೆ ಉಳಿದಿದ್ದ ದಾರಿಯೆಂದರೆ ಗಡಿ ದಾಟಿ ಭಾರತದ ನೆಲದ ಶಿಬಿರಗಳನ್ನು ಸೇರುವುದು. ಪ್ರತಿಯೊಬ್ಬನ ಮನೆಯಲ್ಲಿ ಬಂದೂಕಿದ್ದರೆ ಸಾಕಿತ್ತೆಂಬ ವಾದವನ್ನು ನಾನು ಒಪ್ಪಲಾರೆ. ಒಂದು ಪಂಗಡಕ್ಕೆ ಕಣ್ಣುಮುಚ್ಚಿ, ಮತ್ತೊಂದಕ್ಕೆ ಕಾಯಿದೆ ತೋರಿಸಿದ ಸರಕಾರವೇ ಅಲ್ಲಿಯ ನಿಜವಾದ ವಿಪತ್ತು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳನುಗ್ಗಿತು. 17ರಂದು ನಿಜಾಮನು ಶರಣಾದನು.

ಮೂರು ತಿಂಗಳು ತುಂಬುವ ಮುನ್ನವೇ, ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಸಂವಿಧಾನ ಸಭೆಯಲ್ಲೆದ್ದು, ಕರಾಚಿ ಕಾಂಗ್ರೆಸ್ಸಿನ ಮಾತನ್ನು ನೆನಪಿಸಿ, ಆಯುಧವನ್ನಿರಿಸಿಕೊಳ್ಳುವ ಹಕ್ಕನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದರು. ಅಂಬೇಡ್ಕರರು ವಿರೋಧಿಸಿದರು, ತಿದ್ದುಪಡಿ ಬಿದ್ದುಹೋಯಿತು, ಶಾಂತಿಯಿಂದ, ನಿರಾಯುಧರಾಗಿ ಸಭೆ ಸೇರುವ ಹಕ್ಕು ಮಾತ್ರ ಉಳಿಯಿತು. ಆ ದಿನ ಜನರಲ್ ಚೌಧುರಿಯವರ ಸೈನಿಕ ಆಡಳಿತದಲ್ಲಿದ್ದ ಶಹಾಬಾದ, ಸೇಡಂ, ಚಿಂಚೋಳಿಗಳ ಪರವಾಗಿ ಒಂದು ಮಾತನಾಡಲು, ಹೈದರಾಬಾದಿನ ಪ್ರತಿನಿಧಿಯೊಬ್ಬನೂ ಆ ಸಭೆಯಲ್ಲಿ ಕುಳಿತಿರಲಿಲ್ಲ.