ಸಮುದ್ರದ ತಾಯಿ
ಸುಶಿ ಸುತ್ತಿರೋ ಆ ಕಪ್ಪು ಹಾಳೆ ನೋಡಿದ್ದೀರಲ್ಲ? ಅದೇ ನೋರಿ, ಒಣಗಿಸಿದ ಕಡಲಪಾಚಿ. ಇವತ್ತು ಅದರ ಸಾರದ ಆಂಟಿಆಕ್ಸಿಡೆಂಟ್ ಗುಣದ ಬಗ್ಗೆ ಎಲ್ಲರೂ ಮಾತಾಡ್ತಾರೆ. ಆದರೆ ಒಂದು ಕಾಲಕ್ಕೆ ಅದರ ಬೀಜ ಎಲ್ಲಿಂದ ಬರುತ್ತೆ ಅನ್ನೋದೇ ಜಪಾನಿನ ಬೆಳೆಗಾರರಿಗೆ ಗೊತ್ತಿರಲಿಲ್ಲ. ಬಲೆ ಕಟ್ಟಿ, ಅದೃಷ್ಟ ನಂಬಿ ಕಾಯೋದಷ್ಟೇ.

ಉತ್ತರ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಮದುವೆಯಾದರು ಅನ್ನೋ ಕಾರಣಕ್ಕೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡ ಕ್ಯಾಥ್ಲೀನ್ ಡ್ರೂ-ಬೇಕರ್, ಸಂಬಳವಿಲ್ಲದೆ ಸಂಶೋಧನೆ ಮುಂದುವರಿಸಿದರು. 1949ರಲ್ಲಿ ಅವರು ತೋರಿಸಿಕೊಟ್ಟರು: ಈ ಜಾತಿಯ ಪಾಚಿಯ ಎಳೆಯ ಹಂತ ಬೆಳೆಯೋದು ಚಿಪ್ಪಿನೊಳಗೆ! ಜಪಾನಿನ ವಿಜ್ಞಾನಿಗಳು ಅದೇ ಜಾಡು ಹಿಡಿದು ಚಿಪ್ಪಿನಲ್ಲೇ ಬೀಜ ಬೆಳೆಸಿದರು. ಜೂಜಿನಂತಿದ್ದ ಬೆಳೆ ನಿಜವಾದ ಕೃಷಿಯಾಯ್ತು.

1957ರಲ್ಲಿ ಅವರು ತೀರಿಕೊಂಡರು. ಜಪಾನ್ ನೋಡಲೇ ಇಲ್ಲ. 1963ರಲ್ಲಿ ಉಟೋ ಊರಲ್ಲಿ ಅವರ ಸ್ಮಾರಕ ಎದ್ದಿತು. ಪ್ರತಿ ಏಪ್ರಿಲ್ 14ಕ್ಕೆ ಅಲ್ಲಿ ಸೇರಿ ಅವರನ್ನ ನೆನೀತಾರೆ. ಮುಂದಿನ ಸಲ ನೋರಿ ಕಂಡ್ರೆ, ನೀವೂ ಈ ಹೆಸರು ನೆನಪಿಸಿಕೊಳ್ಳಿ.